ಅದರಗುಂಚಿಯ ರಾಜಮ್ಮ, ಪ್ರಭಾತದ ಮೈನಾ

ಘಟ್ಟದ ಮೇಲಿನ ನಮ್ಮಲ್ಲಿ ಊರು ಹೆಸರಿನ ಮುಂದೆ ಬಂದು ಕೂತುಕೊಳ್ಳುತ್ತದೆ. ಹೊಸ್ತೋಟ ಮಂಜುನಾಥ ಭಾಗವತರು, ನೆಬ್ಬೂರು ನಾರಾಯಣ ಭಾಗವತರು. ದೇವಿಮನೆ ಘಟ್ಟ ಇಳಿದು ಕುಮಟೆ, ಹೊನ್ನಾವರದ ಕಡೆ ಹೋದರೆ ಅದೇ ಊರು ಹೆಸರಿನ ಹಿಂದೆ ಹೋಗಿ, ಬಾಲಕ್ಕೊಂದು 'ಕರ' ಅಂಟಿಸಿಕೊಳ್ಳುತ್ತದೆ. ಚಂದಾವರದವರು ಚಂದಾವರಕರ, ಅಂಕೋಲೆಯವರು ಅಂಕೋಲೇಕರ. ನಮ್ಮ ಶಿರಸಿಯಿಂದ ಹೋದವರೂ ಶಿರಸೀಕರ ಆಗಿದ್ದಾರೆ. ಮುಂಬಯಿ ಪ್ರಾಂತ್ಯದಲ್ಲಿ ಶತಮಾನದ ಹತ್ತಿರ ಇದ್ದ ಜಿಲ್ಲೆ ನೋಡಿ ನಮ್ಮದು, ಮರಾಠಿ ಗಾಳಿ ಸ್ವಲ್ಪ ಜಾಸ್ತಿಯೇ ಬೀಸಿದೆ.

ಹಿಂದಿ ಸಿನಿಮಾದಲ್ಲಿ ನಮ್ಮ ಜಿಲ್ಲೆಯ ಹೆಸರು ಹೇಳುವವರು ಯಾರು ಅಂದರೆ ಶಿರಸಿಯ ಕಟ್ಟೆಯಲ್ಲಿ ಕೂತವರು ಮೊದಲು ತೆಗೆಯುವುದು ಲೀನಾ ಚಂದಾವರಕರ್ ಹೆಸರು. ಹುಟ್ಟಿದ್ದು 1950ರಲ್ಲಿ, ಧಾರವಾಡದಲ್ಲಿ. ಆದರೆ ಅಡ್ಡಹೆಸರಿನ ಮೂಲ ಹೊನ್ನಾವರ ತಾಲೂಕಿನ ಚಂದಾವರ. 'ಹಮ್‌ಜೋಲಿ', 'ಮೆಹಬೂಬ್ ಕೀ ಮೆಹಂದಿ', 'ಮನಚಲಿ' ಎಲ್ಲ ನೋಡಿದ ತಲೆಮಾರು ಇನ್ನೂ ಇದೆ. ಕಿಶೋರ್ ಕುಮಾರ್ ಹೆಂಡತಿ ಅಂದರೆ ಸಣ್ಣವರಿಗೂ ಗೊತ್ತಾಗುತ್ತದೆ. ಅಲ್ಲಿಗೆ ಕಟ್ಟೆಯ ಮಾತು ಮುಗಿದು ಅಡಿಕೆ ದರಕ್ಕೆ ಹೊರಳುತ್ತದೆ.

ನನಗೆ ಹೇಳಬೇಕಾಗಿರುವುದು ಅದಕ್ಕಿಂತ ಒಂದು ತಲೆಮಾರು ಹಿಂದಿನ ಇನ್ನೊಬ್ಬ 'ಕರ' ವಿಷಯ. ಶಾಂತಾ ಹುಬ್ಳೀಕರ್. ಇದು ಮನೆತನದಿಂದ ಇಳಿದು ಬಂದ ಅಡ್ಡಹೆಸರಲ್ಲ. ಶಾಂತಾ ಎನ್ನುವುದೂ ಹುಟ್ಟಿದಾಗ ಇಟ್ಟದ್ದಲ್ಲ. ಆಕೆಯ ಹೆಸರು ರಾಜಮ್ಮ, ಊರು ಹುಬ್ಬಳ್ಳಿ ಪಕ್ಕದ ಅದರಗುಂಚಿ, ಹುಟ್ಟಿದ್ದು 1914ರಲ್ಲಿ.

ಅದರಗುಂಚಿ ಅಂದ ಕೂಡಲೇ ಕನ್ನಡಿಗರಿಗೆ ನೆನಪಾಗುವುದು ಒಂದೇ ಸಂಗತಿ: ಏಕೀಕರಣಕ್ಕಾಗಿ 1953ರಲ್ಲಿ ಅದರಗುಂಚಿ ಶಂಕರಗೌಡರು ಮಾಡಿದ ಉಪವಾಸ. ಪಠ್ಯಪುಸ್ತಕದಲ್ಲಿ ಓದಿದ್ದೇವೆ, ಪರೀಕ್ಷೆಯಲ್ಲಿ ಬರೆದಿದ್ದೇವೆ. ಅದಕ್ಕೂ ಹದಿನಾಲ್ಕು ವರ್ಷ ಮೊದಲೇ ಅದೇ ಊರಿನ ಹೆಣ್ಣುಮಗಳೊಬ್ಬಳು ಮರಾಠಿ ಮತ್ತು ಹಿಂದಿ ಪರದೆಯ ಮೇಲೆ ನಿಂತು ದೇಶದ ನಾಲ್ಕಾರು ಭಾಷೆಗಳಲ್ಲಿ ಹಾಡಿದ್ದಳು ಅನ್ನುವುದು ಯಾವ ಪಾಠದಲ್ಲೂ ಬರಲಿಲ್ಲ. ಬರದಿದ್ದುದಕ್ಕೆ ಕಾರಣವೂ ಇದೆ, ಮುಂದೆ ಹೇಳುತ್ತೇನೆ.

ಹೆಸರಿನ ವಿಷಯ ಇನ್ನೊಂಚೂರು ಬಾಕಿ ಇದೆ. ಆ ಕಾಲದಲ್ಲಿ ಉತ್ತರ ಕರ್ನಾಟಕದಿಂದ ಹಾಡಲಿಕ್ಕೆ, ನಟಿಸಲಿಕ್ಕೆ ಹೊರಟ ಹೆಂಗಸರನ್ನು ಸಾಲಾಗಿ ನಿಲ್ಲಿಸಿ ನೋಡಿ. ಬೀಳಗಿಯ ಅಮೀರ್‌ಬಾಯಿ 'ಕರ್ನಾಟಕಿ' ಆದರು. ಅವರ ಅಕ್ಕ ಗೋಹರಬಾಯಿಯೂ ಕರ್ನಾಟಕಿಯೇ. ಧಾರವಾಡದಲ್ಲಿ ಹುಟ್ಟಿ ಹುಬ್ಬಳ್ಳಿಯಲ್ಲಿ ಬಾಳಿದ ಗಂಗೂಬಾಯಿ 'ಹಾನಗಲ್' ಆದರು. ಶುರುವಿನ ಗ್ರಾಮಫೋನ್ ತಟ್ಟೆಗಳ ಮೇಲಂತೂ ಕಂಪನಿಯವರು ಅವರಿಗೆ 'ಗಾಂಧಾರಿ' ಅಂತ ಬೇರೆಯೇ ಹೆಸರು ಕೊಟ್ಟಿದ್ದರು. ಗಂಡಸರು ಅಪ್ಪನ ಹೆಸರು, ಮನೆತನದ ಹೆಸರು ಹೇಳಿಕೊಂಡು ಹೋದರೆ ಇವರು ಊರಿನ ಹೆಸರು ಹೊತ್ತುಕೊಂಡು ಹೋದರು. ಊರಿಗೆ ಇವರ ಮೇಲೆ ಅಷ್ಟು ಪ್ರೀತಿ ಇತ್ತೋ ಅಂದರೆ ಅದೂ ಇಲ್ಲ! ಗಂಗೂಬಾಯಿಯವರು ತಮ್ಮನ್ನು ಹೀಯಾಳಿಸುತ್ತಿದ್ದ ಓಣಿಗಳ ಬಗ್ಗೆ ಕೊನೆಯವರೆಗೂ ಮರೆಯದೆ ಹೇಳುತ್ತಿದ್ದರು.

ರಾಜಮ್ಮ ತೀರ ಸಣ್ಣವಳಿದ್ದಾಗಲೇ ಅಪ್ಪ ಅಮ್ಮ ಇಬ್ಬರೂ ಹೋದರು. ಅಜ್ಜಿಯ ಮನೆಯಲ್ಲಿ ಬೆಳೆದಳು. ಹಿಂದೂಸ್ತಾನಿ ಸಂಗೀತ ಕಲಿತಳು. ಆ ಕಾಲದ ಹುಬ್ಬಳ್ಳಿ-ಧಾರವಾಡದಲ್ಲಿ ಕಿವಿಯಿದ್ದ ಮಕ್ಕಳಿಗೆ ಸಂಗೀತ ತಪ್ಪಿಸಿಕೊಳ್ಳಲಿಕ್ಕೆ ಆಗದ ಹಾಗಿತ್ತು. ಮೀರಜದ ಅಬ್ದುಲ್ ಕರೀಂ ಖಾನರು ಈ ಭಾಗದಲ್ಲಿ ಓಡಾಡುತ್ತಿದ್ದರು, ಅವರ ಶಿಷ್ಯ ಸವಾಯಿ ಗಂಧರ್ವರು ಕುಂದಗೋಳದವರು. ಅದರಗುಂಚಿಗೂ ಕುಂದಗೋಳಕ್ಕೂ ಎಷ್ಟು ದೂರ ಹೇಳಿ? ಸಂತೆಗೆ ಹೋಗಿ ಬರುವಷ್ಟು. ಸಂಗೀತದಿಂದ ನಾಟಕ ಕಂಪನಿ, ನಾಟಕ ಕಂಪನಿಯಿಂದ ಸಿನಿಮಾ. ಅನಾಥ ಹುಡುಗಿಗೆ ಅನ್ನ ಹುಟ್ಟುವ ದಾರಿ ಅದೊಂದೇ ಇತ್ತು ಅಂದರೆ ಉತ್ಪ್ರೇಕ್ಷೆ ಆದೀತು. ಮಾನಗೇಡಿ ಅನ್ನಿಸಿಕೊಂಡರೂ ತನ್ನ ಕಾಲ ಮೇಲೆ ನಿಲ್ಲುವ ದಾರಿ ಅದೊಂದೇ ಇತ್ತು ಅಂದರೆ ತಪ್ಪಾಗಲಾರದು.

ಇಲ್ಲಿ ಶಿರಸಿ-ಸಿದ್ದಾಪುರದ ನಾವು ಸ್ವಲ್ಪ ಸುಮ್ಮನಿದ್ದು ಯೋಚಿಸಬೇಕು. ನಮ್ಮಲ್ಲಿ ಕಲೆಗೇನು ಕೊರತೆ ಇರಲಿಲ್ಲ. ಊರಿಗೊಂದು ಮೇಳ, ಕೇರಿಗೊಬ್ಬ ಭಾಗವತ. ಆದರೆ ಸ್ತ್ರೀವೇಷ ಗಂಡಸಿನದು. ದ್ರೌಪದಿಯೂ ಗಂಡಸೇ, ದಮಯಂತಿಯೂ ಗಂಡಸೇ. ಎರಡು ವರ್ಷಕ್ಕೊಮ್ಮೆ ಬರುವ ಶಿರಸಿ ಮಾರಿಕಾಂಬೆ ಜಾತ್ರೆಗೆ ನಾಟಕ ಕಂಪನಿಗಳು ಬಂದು ತಿಂಗಳುಗಟ್ಟಲೆ ಟೆಂಟ್ ಹಾಕಿದಾಗ ಮಾತ್ರ ಹೆಂಗಸರೇ ಹೆಂಗಸರ ಪಾತ್ರ ಮಾಡುವುದನ್ನು ನಮ್ಮವರು ಕಂಡದ್ದು. ಅಡಿಕೆ ಕೊಯ್ಲು ಮುಗಿದು ಕೈಯಲ್ಲಿ ನಾಲ್ಕು ಕಾಸು ಆಡುವ ಹೊತ್ತು ಬೇರೆ. ಅಜ್ಜಂದಿರು ಎರಡೆರಡು ಸಲ ಟಿಕೆಟ್ ತೆಗೆದು ನೋಡಿ ಬರುತ್ತಿದ್ದರು. ಮನೆಗೆ ಬಂದ ಮೇಲೆ ಅದೇ ಜಗಲಿಯಲ್ಲಿ 'ನಾಟ್ಕದವ್ಳು' ಅನ್ನುವುದು ಬೈಗುಳ. ನನ್ನ ಅಮ್ಮಮ್ಮನಿಗೆ ಕಂಪನಿ ನಾಟಕದ ಹಾಡು ಪೂರ್ತಿ ಬಾಯಿಪಾಠ ಬರುತ್ತಿತ್ತು, ಹಾಡಿದವರ ಬಗ್ಗೆ ಕೇಳಿದರೆ ಮಾತ್ರ, "ಅವ್ರ ಸುದ್ದಿ ನಮಗೆಂತಕ್ಕೆ ತಮಾ?" ಅನ್ನುತ್ತಿದ್ದರು. ಹಾಡು ಒಳಗೆ ಬರಬಹುದು, ಹಾಡಿದವಳು ಬರುವ ಹಾಗಿಲ್ಲ.

ಇನ್ನು ಸಿನಿಮಾ. ಮಾತನಾಡುವ ಮೊದಲ ಭಾರತೀಯ ಚಿತ್ರ 'ಆಲಂ ಆರಾ' ಬಂದದ್ದು 1931ರ ಮಾರ್ಚಿನಲ್ಲಿ. ಕನ್ನಡದ 'ಸತಿ ಸುಲೋಚನಾ' 1934ರಲ್ಲಿ. ಆ ಕನ್ನಡ ಚಿತ್ರವನ್ನು ತೆಗೆದದ್ದು ಎಲ್ಲಿ ಗೊತ್ತೇ? ಕೊಲ್ಹಾಪುರದಲ್ಲಿ. ನಮ್ಮಲ್ಲಿ ಸ್ಟುಡಿಯೋ ಇರಲಿಲ್ಲ. ಹೀಗಾಗಿ ಹುಬ್ಬಳ್ಳಿಯ ಕಡೆಯ ಹುಡುಗಿ ಸಿನಿಮಾ ಸೇರಬೇಕಂದರೆ ಬೆಂಗಳೂರಿನ ದಿಕ್ಕಿಗೆ ನೋಡುವ ಪ್ರಶ್ನೆಯೇ ಬರುತ್ತಿರಲಿಲ್ಲ. ಬೆಂಗಳೂರು ಆಗ ಬೇರೆ ಸಂಸ್ಥಾನ. ಹುಬ್ಬಳ್ಳಿಯಲ್ಲಿ ರೈಲು ಹತ್ತಿದರೆ ಬೆಳಗಾವಿ, ಮೀರಜ, ಅಲ್ಲಿಂದ ಕೊಲ್ಹಾಪುರ, ಇಲ್ಲವೇ ನೆಟ್ಟಗೆ ಪುಣೆ. ಯಲ್ಲಾಪುರದ ನಮ್ಮ ಜನ ಜವಳಿಗೆ, ದವಾಖಾನೆಗೆ, ಕೋರ್ಟಿಗೆ ಹೇಗೆ ಹುಬ್ಬಳ್ಳಿ-ಧಾರವಾಡಕ್ಕೆ ಹೋಗುತ್ತಾರೋ ಹಾಗೆ ಹುಬ್ಬಳ್ಳಿಯ ಕಲಾವಿದರು ಕೊಲ್ಹಾಪುರ-ಪುಣೆಗೆ ಹೋಗುತ್ತಿದ್ದರು. ರಾಜಮ್ಮನೂ ಹೋದರು. ಕೊಲ್ಹಾಪುರದಲ್ಲಿ ಚಿತ್ರರಂಗ ಸೇರಿ ಆಮೇಲೆ ಪುಣೆಯ ಪ್ರಭಾತ ಕಂಪನಿಗೆ ಬಂದರು. ಅಷ್ಟರಲ್ಲಿ ಅವರು ಶಾಂತಾ ಹುಬ್ಳೀಕರ್.

ಪ್ರಭಾತ ಅಂದರೆ ಆ ದಿನಗಳಲ್ಲಿ ಸಣ್ಣ ಹೆಸರಲ್ಲ. 1929ರಲ್ಲಿ ಕೊಲ್ಹಾಪುರದಲ್ಲಿ ಶುರುವಾಗಿ 1933ರಲ್ಲಿ ಪುಣೆಗೆ ಬಂದ ಕಂಪನಿ. 'ಸಂತ ತುಕಾರಾಮ್' ತೆಗೆದವರು ಅವರೇ. ಇವತ್ತು ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟ್ ಇರುವ ಜಾಗವೇ ಆಗಿನ ಪ್ರಭಾತ ಸ್ಟುಡಿಯೋ. ನಮ್ಮ ಗಿರೀಶ ಕಾಸರವಳ್ಳಿ ಕಲಿತದ್ದೂ ಅಲ್ಲೇ. ಪ್ರಭಾತದ ಪದ್ಧತಿ ಏನೆಂದರೆ ಒಂದೇ ಕಥೆಯನ್ನು ಒಂದೇ ಸೆಟ್ಟಿನಲ್ಲಿ, ಹೆಚ್ಚುಕಡಿಮೆ ಅದೇ ನಟರಿಂದ, ಮರಾಠಿಯಲ್ಲೊಮ್ಮೆ ಹಿಂದಿಯಲ್ಲೊಮ್ಮೆ ತೆಗೆಯುವುದು. ಡಬ್ಬಿಂಗ್ ಅಲ್ಲ, ಎರಡು ಸಲ ನಟನೆ. ಹಾಡುವುದೂ ನಟಿಯೇ. ಹಿನ್ನೆಲೆ ಗಾಯನ ಆಗಷ್ಟೇ ಕಣ್ಣು ಬಿಡುತ್ತಿತ್ತು. ಕನ್ನಡ ಮನೆಮಾತಿನ ಹುಡುಗಿ ಮರಾಠಿಯಲ್ಲೂ ಹಿಂದಿಯಲ್ಲೂ ಸಂಭಾಷಣೆ ಕಲಿತು, ಉಚ್ಚಾರಣೆ ತಿದ್ದಿಕೊಂಡು, ತಾನೇ ಹಾಡಿ, ತಾನೇ ಕುಣಿದು, ಎರಡೆರಡು ಸಲ ಅಳಬೇಕು. ಈಗಿನವರು ಇದನ್ನೆಲ್ಲ ಮಾಡಿದರೆ ಅದರದ್ದೇ ಇನ್ನೊಂದು ವಿಡಿಯೋ ಬರುತ್ತಿತ್ತು.

1938ರಲ್ಲಿ 'ಮಾಝಾ ಮುಲಗಾ', ಹಿಂದಿಯಲ್ಲಿ 'ಮೇರಾ ಲಡಕಾ'. ಮರುವರ್ಷ ವಿ. ಶಾಂತಾರಾಮ್ ನಿರ್ದೇಶನದ 'ಮಾಣೂಸ್', ಹಿಂದಿಯಲ್ಲಿ 'ಆದ್ಮಿ'. ಶಾಂತಾ ಹುಬ್ಳೀಕರ್ ಎಂಬ ಹೆಸರು ಇವತ್ತಿಗೂ ಉಳಿದಿದ್ದರೆ ಈ ಒಂದು ಚಿತ್ರದಿಂದ.

'ದೇವದಾಸ್' ಬಂದು ನಾಲ್ಕು ವರ್ಷ ಆಗಿತ್ತು. ಪ್ರೀತಿ ಸಿಗದಿದ್ದರೆ ಕುಡಿದು ಸಾಯುವುದೇ ಗಂಡಸುತನ ಅಂತ ದೇಶದ ತುಂಬ ಹುಡುಗರು ನಂಬಿಕೊಂಡ ಕಾಲ. ಅದಕ್ಕೆ ಉತ್ತರವಾಗಿ ಶಾಂತಾರಾಮರು ಈ ಚಿತ್ರ ಮಾಡಿದರು. ಕಥೆ ಇಷ್ಟೇ. ಜೂಜಿನ ಅಡ್ಡೆಯ ಮೇಲೆ ಪೊಲೀಸರ ದಾಳಿ. ಒಬ್ಬ ಪೇದೆ ಅಲ್ಲಿದ್ದ ವೇಶ್ಯೆಯೊಬ್ಬಳನ್ನು ಪಾರು ಮಾಡುತ್ತಾನೆ. ಮರಾಠಿಯಲ್ಲಿ ಅವಳ ಹೆಸರು ಮೈನಾ, ಹಿಂದಿಯಲ್ಲಿ ಕೇಸರ್. ಅವನಿಗೆ ಅವಳ ಮೇಲೆ ಮನಸ್ಸಾಗುತ್ತದೆ. ಮದುವೆಯಾಗುವ ಆಸೆಯಿಂದ ತಾಯಿಯ ಬಳಿಗೂ ಕರೆದುಕೊಂಡು ಹೋಗುತ್ತಾನೆ. ಆ ತಾಯಿ ದೇವರು ದಿಂಡರು ಎಂದು ಬದುಕಿದ ಮುದುಕಿ. ಬಂದವಳು ಯಾರೆಂದು ಅರಿಯದೆ ಅಕ್ಕರೆಯಿಂದಲೇ ಬರಮಾಡಿಕೊಳ್ಳುತ್ತಾಳೆ. ಆ ಅಕ್ಕರೆಯನ್ನೇ ಮೈನಾಳಿಗೆ ತಡೆದುಕೊಳ್ಳಲಿಕ್ಕೆ ಆಗುವುದಿಲ್ಲ. ಕೊನೆಗೆ ತನ್ನನ್ನು ಹಿಂಡುತ್ತಿದ್ದ ಮಾವನನ್ನು ಕೊಂದು ಜೈಲಿಗೆ ಹೋಗುತ್ತಾಳೆ. ಅವನು ಅವಳನ್ನು ಬಿಡಿಸಲಿಕ್ಕೆ ಹೊರಟರೆ ಬೇಡವೆನ್ನುತ್ತಾಳೆ. ಅವನು ಸಾಯುವುದಿಲ್ಲ, ಕೆಲಸಕ್ಕೆ ಮರಳುತ್ತಾನೆ.

ಪೇದೆಯ ಪಾತ್ರ ಶಾಹೂ ಮೋಡಕರದು. ಇದೊಂದು ತಮಾಷೆ. ಹುಟ್ಟಿನಿಂದ ಕ್ರೈಸ್ತರಾದ ಮೋಡಕರು ಪರದೆಯ ಮೇಲೆ ಸಾಲುಸಾಲು ಚಿತ್ರಗಳಲ್ಲಿ ಶ್ರೀಕೃಷ್ಣನಾದವರು. ಅಂಥ ಕೃಷ್ಣನನ್ನು ಖಾಕಿ ಚಡ್ಡಿ ಹಾಕಿಸಿ ಕೆಂಪು ದೀಪದ ಓಣಿಗೆ ಕಳಿಸಿದ ಶಾಂತಾರಾಮರ ಧೈರ್ಯ ಮೆಚ್ಚಬೇಕು. ಚಹಾದಂಗಡಿಯ ಹುಡುಗನಾಗಿ ಬರುವವರು ಮುಂದೆ ದೊಡ್ಡ ಗಾಯಕರಾದ ರಾಮ ಮರಾಠೆ. ಬಾಂಬೆ ಟಾಕೀಸಿನ ಮರ ಸುತ್ತುವ ಪ್ರೇಮದ ಅಣಕವೂ ಚಿತ್ರದಲ್ಲಿದೆ. ಎಂಬತ್ತು ವರ್ಷದ ಮೇಲೂ ಅದು ನಗಿಸುತ್ತದೆ, ಯಾಕಂದರೆ ಮರ ಸುತ್ತುವುದು ಆಮೇಲೆ ಮತ್ತೂ ಐವತ್ತು ವರ್ಷ ನಿಲ್ಲಲಿಲ್ಲ.

ಈಗ ಆ ಹಾಡು. 'ಕಶಾಲಾ ಉದ್ಯಾಚಿ ಬಾತ್', ನಾಳೆಯ ಮಾತು ಯಾತಕ್ಕೆ ಅಂತ ಅರ್ಥ. ಮೈನಾಳ ಗಿರಾಕಿಗಳು ಒಂದೊಂದು ಪ್ರಾಂತ್ಯದವರು. ಅವಳು ಒಬ್ಬೊಬ್ಬನಿಗೂ ಅವನವನ ಭಾಷೆಯಲ್ಲಿ ಒಂದೊಂದು ನುಡಿ ಹಾಡುತ್ತಾಳೆ. ನಾಲ್ಕು ಮಾತಿನ ಹುಡುಗಿ ಇನ್ನೊಂದಷ್ಟು ಮಾತುಗಳನ್ನು ಎರವಲು ತಂದು ಹಾಡುವುದನ್ನು ನೋಡುವಾಗ ನನಗೆ ಪಾತ್ರ ಮರೆತುಹೋಗಿ ಹಾಡುವವಳೇ ಕಾಣುತ್ತಾಳೆ. ಹುಬ್ಬಳ್ಳಿ ಪ್ಯಾಟ್ಯಾಗ ಬೆಳೆದವರಿಗೆ ಇದೇನು ಹೊಸ ವಿದ್ಯೆ ಅಲ್ಲ. ಕಾಯಿಪಲ್ಲೆ ಕೊಳ್ಳುವಾಗ ಕನ್ನಡ, ಬಟ್ಟೆ ಅಂಗಡಿಯಲ್ಲಿ ಮರಾಠಿ, ಟಾಂಗಾದವನ ಜೊತೆ ದಖನಿ. ಹಾಡಿನ ಆ ಮೂರು ಶಬ್ದವನ್ನೇ ನೋಡಿ: ಮೊದಲಿನೆರಡು ಮರಾಠಿ, ಕೊನೆಯದು ಹಿಂದಿ. ಇಂಥ ಕಲಬೆರಕೆ ಮಾತಿಗೆ ಹುಬ್ಬಳ್ಳಿಯ ನಾಲಿಗೆಗಿಂತ ಹದವಾದದ್ದು ಪುಣೆಯ ಸದಾಶಿವ ಪೇಟೆಯಲ್ಲಿ ಸಿಗುತ್ತಿತ್ತೇ?

ನಟನೆಯ ಬಗ್ಗೆ ಒಂದು ಮಾತು. ವೇಶ್ಯೆಯ ಪಾತ್ರ ಅಂದರೆ ನಮ್ಮ ಸಿನಿಮಾಗಳಲ್ಲಿ ಎರಡೇ ನಮೂನೆ: ಒಂದೋ ಕಣ್ಣೀರಿನ ಕೊಡ, ಇಲ್ಲವೋ ಬಂಗಾರದ ಮನಸ್ಸು. ಶಾಂತಾಬಾಯಿಯವರ ಮೈನಾ ಎರಡೂ ಅಲ್ಲ. ಅವಳಿಗೆ ಸಿಟ್ಟು ಬರುತ್ತದೆ, ಪೇದೆಯನ್ನು ಗೇಲಿ ಮಾಡುತ್ತಾಳೆ, ಎಲೆ ಅಡಿಕೆ ಮೆಲ್ಲುತ್ತ ಅವನ ದೊಡ್ಡ ಮಾತುಗಳನ್ನು ಕೇಳಿ ನಗುತ್ತಾಳೆ. ಒಳ್ಳೆಯವಳಾಗುವ ಆಸೆಯೂ ಇದೆ, ಆ ಆಸೆಯ ಮೇಲೆ ನಂಬಿಕೆಯೂ ಇಲ್ಲ. ಇದೇ ಕಂಪನಿಯ 'ಕುಂಕೂ'ದಲ್ಲಿ ಶಾಂತಾ ಆಪ್ಟೆ ಮಾಡಿದ ಪಾತ್ರವನ್ನು ಎಲ್ಲರೂ ಹೊಗಳುತ್ತಾರೆ, ಸರಿಯೇ. ನನ್ನ ಲೆಕ್ಕದಲ್ಲಿ ಮೈನಾಳ ಪಾತ್ರ ಒಂದು ತೂಕ ಹೆಚ್ಚು. ಆಪ್ಟೆಯವರ ನೀರಾ ಹಟ ಹಿಡಿದಾಗ ನ್ಯಾಯ ಅವಳ ಕಡೆಗಿದೆ ಎಂದು ಅವಳಿಗೂ ನಮಗೂ ಗೊತ್ತು. ಮೈನಾಳಿಗೆ ಅಂಥ ಆಸರೆ ಇಲ್ಲ.

ಆಪ್ಟೆ ಹೆಸರು ಬಂತಲ್ಲ, ಹೇಳಿಬಿಡುತ್ತೇನೆ. 1939ರಲ್ಲಿ, 'ಮಾಣೂಸ್' ಬಂದ ವರ್ಷವೇ, ಶಾಂತಾ ಆಪ್ಟೆ ಕಂಪನಿಯೊಂದಿಗೆ ಜಗಳವಾಗಿ ಪ್ರಭಾತದ ಗೇಟಿನ ಮುಂದೆಯೇ ಉಪವಾಸ ಕೂತರು. ಉಪವಾಸ ಅಂದರೆ ಶಂಕರಗೌಡರ ಹೆಸರೊಂದೇ ಬರಬೇಕೆಂದೇನಿಲ್ಲ. ಆ ಗೇಟಿನ ಒಳಗೆ ಹೇಗಿತ್ತು ಅನ್ನುವುದಕ್ಕೆ ಇದೊಂದು ಕಿಟಕಿ. ನಟ ನಟಿಯರು ತಿಂಗಳ ಸಂಬಳದ ನೌಕರರು, ಕರಾರಿಗೆ ಕಟ್ಟುಬಿದ್ದವರು. ಹಾಡು ಊರೂರಲ್ಲಿ ಮೊಳಗಿದರೂ ಹಾಡಿದವಳ ಮನೆಗೆ ಅದರಿಂದ ಕಾಸು ಬರುತ್ತಲೇ ಇರುವ ಏರ್ಪಾಡು ಇರಲಿಲ್ಲ. ಅಡಿಕೆ ಬೆಳೆಗಾರರು 1923ರಲ್ಲೇ ಶಿರಸಿಯಲ್ಲಿ ತೋಟಗಾರ್ಸ್ ಸೊಸೈಟಿ ಕಟ್ಟಿಕೊಂಡು ದಲಾಲರ ಹಿಡಿತದಿಂದ ಅಷ್ಟಿಷ್ಟು ಹೊರಬಂದರು. ಹಾಡು ಬೆಳೆದವರಿಗೆ ಅಂಥದ್ದೊಂದು ಸೊಸೈಟಿ ಇರಲಿಲ್ಲ ನೋಡಿ.

1942ರಲ್ಲಿ ಕನ್ನಡಕ್ಕೂ ಬಂದರು. ಗುಬ್ಬಿ ವೀರಣ್ಣನವರ 'ಜೀವನ ನಾಟಕ'. ಕೆಂಪರಾಜ ಅರಸ್ ನಾಯಕ. ಬರವಣಿಗೆ ಅ.ನ.ಕೃ. ಅವರದು. ಪುರಾಣದ ರಾಜ ರಾಣಿಯರೇ ತುಂಬಿದ್ದ ಕನ್ನಡ ಪರದೆಯ ಮೇಲೆ ಆಗ ಸಾಮಾಜಿಕ ಕಥೆ ಅಂದರೆ ಅಪರೂಪ. ಹೆಸರಾಂತ ನಟಿಯೊಬ್ಬರು ಪುಣೆಯಿಂದ ಬಂದು ತನ್ನ ತಾಯಿನುಡಿಯ ಚಿತ್ರದಲ್ಲಿ ನಟಿಸಿದರು. ಬಂದರು, ಹೋದರು. ಮತ್ತೆ ಕರೆಯುವಷ್ಟು ಕನ್ನಡ ಚಿತ್ರರಂಗವೇ ಆಗ ಇರಲಿಲ್ಲ. ವರ್ಷಕ್ಕೆ ಒಂದೆರಡು ಚಿತ್ರ ಬಂದರೆ ದೊಡ್ಡದು.

ಹಿಂದಿಯಲ್ಲಿ 'ಮಾಲನ್', 'ಕುಲ್ ಕಲಂಕ್' ಅಂತ ಒಂದಷ್ಟು ಚಿತ್ರಗಳಾದವು. 'ಆದ್ಮಿ'ಯ ಎತ್ತರಕ್ಕೆ ಯಾವುದೂ ಏರಲಿಲ್ಲ. ಮದುವೆ, ಸಂಸಾರ, ಮಗ. 1942ರಲ್ಲಿ ಶಾಂತಾರಾಮರು ಪ್ರಭಾತ ಬಿಟ್ಟು ಮುಂಬಯಿಯಲ್ಲಿ ರಾಜಕಮಲ ಕಟ್ಟಿದರು. 1953ರ ಹೊತ್ತಿಗೆ ಪ್ರಭಾತ ಮುಚ್ಚಿತು. ಆ ಕಡೆ ಹಿನ್ನೆಲೆ ಗಾಯನ ಗಟ್ಟಿಯಾದ ಮೇಲೆ ಹಾಡುವ ನಟಿಯರ ಕಾಲ ಮುಗಿಯುತ್ತ ಬಂತು. ಅಮೀರ್‌ಬಾಯಿಯವರನ್ನೇ ನೋಡಿ, 1943ರ 'ಕಿಸ್ಮತ್' ಹೊತ್ತಿಗೆ ಅವರು ಪರದೆಯ ಹಿಂದೆ ನಿಂತು ಮುಮ್ತಾಜ್ ಶಾಂತಿಯ ಮುಖಕ್ಕೆ ಹಾಡುತ್ತಿದ್ದರು. ಕೆಲವೇ ವರ್ಷ, ಲತಾ ಮಂಗೇಶ್ಕರ್ ಬಂದರು, ಅಮೀರ್‌ಬಾಯಿಯೂ ಹಿಂದೆ ಸರಿದರು. ಶಾಂತಾ ಹುಬ್ಳೀಕರ್ ಐವತ್ತರ ದಶಕದ ಕೊನೆಗೆ ಒಂದೆರಡು ಚಿತ್ರಗಳಲ್ಲಿ ಕಾಣಿಸಿಕೊಂಡು ಆಮೇಲೆ ಕಾಣದಾದರು.

ಎಷ್ಟು ಕಾಣದಾದರು ಅಂದರೆ, ಅವರಿನ್ನೂ ಬದುಕಿದ್ದಾರೆ ಎನ್ನುವುದೇ ಬಹಳ ಜನರಿಗೆ ಮರೆತುಹೋಯಿತು. ಮುಪ್ಪಿನಲ್ಲಿ ಅವರಿದ್ದದ್ದು ವೃದ್ಧಾಶ್ರಮದಲ್ಲಿ. ಹಾಡು ಮಾತ್ರ ಮಹಾರಾಷ್ಟ್ರದ ರೇಡಿಯೋಗಳಲ್ಲಿ, ಹಳೆಯ ಹಾಡಿನ ಮೆಹಫಿಲುಗಳಲ್ಲಿ ಆರಾಮಾಗಿ ಓಡಾಡಿಕೊಂಡಿತ್ತು. ನಮ್ಮ ಅಮ್ಮಮ್ಮನ ಜಗಲಿಯ ಕಾನೂನೇ ಅಲ್ಲಿಯೂ ನಡೆಯಿತು ಅನ್ನಿ.

ಪತ್ರಿಕೆಯವರು ಹುಡುಕಿಕೊಂಡು ಹೋದ ಮೇಲೆ ಕೊನೆಯ ಕೆಲವು ವರ್ಷ ಅವರ ಹೆಸರು ಮತ್ತೆ ಕೇಳಿಬಂತು. 1990ರಲ್ಲಿ ಆತ್ಮಕಥೆ ಬಂತು. ಹೆಸರು ಅದೇ ಹಾಡಿನದು, 'ಕಶಾಲಾ ಉದ್ಯಾಚಿ ಬಾತ್'. ಬರೆದದ್ದು ಮರಾಠಿಯಲ್ಲಿ. ಕೆಲವರು ಇದಕ್ಕೆ ಮೂಗು ಮುರಿಯುತ್ತಾರೆ, ಕನ್ನಡದವಳಾಗಿ ಮರಾಠಿಯಲ್ಲಿ ಬರೆಯಬೇಕಿತ್ತಾ ಅಂತ. ಅಲ್ಲ ಮಾರ್ರೆ, ಅವರ ಕಥೆ ಕೇಳಲಿಕ್ಕೆ ಹೋದವರು ಯಾವ ಭಾಷೆಯವರು? ಮರಾಠಿಯವರು ಅವರನ್ನು ಮರೆತರು, ಆಮೇಲೆ ನೆನಪು ಮಾಡಿಕೊಂಡರು. ನಮಗೆ ಮರೆಯಲಿಕ್ಕೆ ಮೊದಲು ಗೊತ್ತಾದರೂ ಆಗಬೇಕಿತ್ತಲ್ಲ! ಪಠ್ಯಪುಸ್ತಕದಲ್ಲಿ ಬರದ ಕಾರಣ ಅಂದೆನಲ್ಲ, ಅದು ಇದು. ಗಡಿ ಹಾಕಿದ ಮೇಲೆ ನಾವು ಚರಿತ್ರೆಗೂ ಅದೇ ಬೇಲಿ ಹಾಕಿದೆವು. ಏಕೀಕರಣಕ್ಕೆ ಮುಂಚೆ ಬೇಲಿಯ ಆಚೆ ದುಡಿದವರನ್ನು ಲೆಕ್ಕಕ್ಕೆ ಹಿಡಿಯಲಿಲ್ಲ. ಅಮೀರ್‌ಬಾಯಿಯವರ ಅದೃಷ್ಟ, ರಹಮತ್ ತರೀಕೆರೆಯವರು ಬೀಳಗಿ, ವಿಜಾಪುರ, ಮುಂಬಯಿ ಅಂತ ಅಲೆದು ಅವರ ಜೀವನವನ್ನು ಕನ್ನಡದಲ್ಲಿ ಪುಸ್ತಕ ಮಾಡಿದರು. ಆ ಪುಸ್ತಕ ಓದಿದ ಮೇಲೆಯೇ ನಾನು ಈ ಹುಬ್ಬಳ್ಳಿಯ ಹೆಸರಿನ ಬೆನ್ನು ಹಿಡಿದದ್ದು.

'ಮಾಣೂಸ್' ಈಗ ಅಂತರ್ಜಾಲದಲ್ಲಿ ಸಿಗುತ್ತದೆ. ಮಳೆಗಾಲದಲ್ಲಿ ನಮ್ಮ ಕಡೆ ಕರೆಂಟು, ನೆಟ್‌ವರ್ಕ್ ಎರಡೂ ಒಟ್ಟಿಗೆ ಇದ್ದ ಒಂದು ಸಂಜೆ ಅದನ್ನು ಮನೆಯವರೆಲ್ಲ ಕೂತು ನೋಡಿದೆವು. ಅತ್ತೆಗೆ ಎಪ್ಪತ್ತೆಂಟು, ಮದುವೆಗೆ ಮೊದಲು ಯಲ್ಲಾಪುರದಲ್ಲಿದ್ದವರು, ಅಲ್ಲಿಯ ಮರಾಠಿ ನೆರೆಹೊರೆಯಿಂದ ಅಷ್ಟಿಷ್ಟು ಮರಾಠಿ ಬರುತ್ತದೆ. ತಾಯಿಯ ಮನೆಯಿಂದ ಮೈನಾ ಓಡಿಹೋಗುವ ಭಾಗ ಬಂದಾಗ ಅತ್ತೆ, "ಅದು ಎಂತಕ್ಕೆ ಓಡ್ತು? ಮುದುಕಿ ಚಲೋನೇ ಇದ್ದಲೇ," ಅಂದರು. ಸ್ವಲ್ಪ ಹೊತ್ತು ಬಿಟ್ಟು ತಾವೇ, "ಚಲೋ ಇದ್ದದ್ದಕ್ಕೇ ಓಡ್ತು," ಅಂದರು.

ಶಾಂತಾ ಹುಬ್ಳೀಕರ್ ತೀರಿಕೊಂಡದ್ದು 1992ರ ಜುಲೈ 17ರಂದು, ಪುಣೆಯಲ್ಲಿ. ಹುಟ್ಟಿದೂರಿನ ಹೆಸರು ಹುಡುಕಿದರೆ ಈಗಲೂ ಮೊದಲು ಬರುವುದು ಶಂಕರಗೌಡರೇ. ಅತ್ತೆ ಮಾತ್ರ ಈಗ ಹುಬ್ಬಳ್ಳಿಯ ಆಸ್ಪತ್ರೆಗೆ ಹೋಗುವಾಗೆಲ್ಲ ಬಸ್ಸಿನ ಕಿಟಕಿಯಿಂದ ಹೊರಗೆ ನೋಡುತ್ತ, ಆ ಹುಡುಗಿಯ ಊರು ಈ ದಾರಿಯಲ್ಲಿ ಬರುತ್ತದಾ ಅಂತ ಕೇಳುತ್ತಾರೆ. ಬರುವುದಿಲ್ಲ, ಅದು ಊರಿನ ಆಚೆ ಬದಿಗೆ.